ಗೋಡೆಯ ಮೇಲಿನ ಏಳು ಸಾಲು

ಆ ಮನೆಯವರು ಹತ್ತೊಂಬತ್ತು ವರ್ಷ ಒಂದು ಸುಳ್ಳನ್ನು ಹೆತ್ತ ಕೂಸಿನಷ್ಟೇ ಜೋಪಾನವಾಗಿ ಸಾಕಿದ್ದರು. ಕೆಟ್ಟ ಜನವಲ್ಲ. ಬೆಳಗ್ಗೆ ದೇವರಿಗೆ ಕೈ ಮುಗಿಯದೆ ಒಲೆ ಹಚ್ಚುತ್ತಿರಲಿಲ್ಲ, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಮಗಳ ಕಣ್ಣು ಮಂದ ಎಂಬ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ದೇವರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಕೊಟ್ಟವನಿಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದರು.

ಮನೆಯ ಮುಂದಿನ ಕೋಣೆಯೇ ಅಪ್ಪನ ಕ್ಷೌರದಂಗಡಿ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಅಮ್ಮ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಪ್ಪನ ತಾಯಿ, ಅಂದರೆ ಅಜ್ಜಿ, ಅಡುಗೆಮನೆಯ ಹೊಸ್ತಿಲ ಬಳಿ ಕೂತು ಕಾಳು ಆರಿಸುತ್ತ ಇಡೀ ಮನೆಗೆ ಯಜಮಾನಿಕೆ ಮಾಡುತ್ತಿದ್ದಳು. ಒಬ್ಬಳೇ ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗಿಣಿ ಎಂದು. ಒಮ್ಮೆ ಕಿವಿಗೆ ಬಿದ್ದದ್ದು ಅವಳ ಬಾಯಿಂದ ಹೋಗುತ್ತಿರಲಿಲ್ಲ. ಕಾಲೇಜಿನ ಮೊದಲ ವರ್ಷ, ಓದುತ್ತಿದ್ದದ್ದು ಗಣಿತ.

ಅರ್ಧವಾರ್ಷಿಕ ಪರೀಕ್ಷೆಯ ಅಂಕ ಬಂದ ದಿನ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು.

"ಎಷ್ಟು ಬಂತು?" ಅಮ್ಮ ಅನ್ನ ಬಡಿಸುತ್ತ ಕೇಳಿದಳು.

"ಮೂವತ್ತೊಂದು."

"ಐವತ್ತಕ್ಕಾ?"

"ನೂರಕ್ಕೆ."

ಸೌಟು ಪಾತ್ರೆಯಲ್ಲೇ ನಿಂತಿತು. ಅಜ್ಜಿ ಸುಧಾರಿಸಲು ನೋಡಿದಳು. "ಹೋಗ್ಲಿ ಬಿಡೇ, ನನ್ನ ಬಾಯಲ್ಲಿ ಅಷ್ಟು ಹಲ್ಲೂ ಇಲ್ಲ."

"ನೀವು ಸುಮ್ನಿರಿ ಅತ್ತೆ. ಸರಿಯಾಗಿ ಓದ್ಕೊಂಡು ಬರೀಬಾರ್ದೇನೇ?"

"ಓದೋಕೆ ಕಾಣಿಸಿದ್ರೆ ತಾನೇ?" ಎಂದಳು ಗಿಣಿ. "ಪ್ರಶ್ನೆಪತ್ರಿಕೆ ಇರುವೆ ಸಾಲಿನ ಹಾಗಿತ್ತು. ಸಂಖ್ಯೆ ತಲೆ ಮೇಲೆ ಘಾತ ಅಂತ ಸಣ್ಣದಾಗಿ ಬರೆದಿದ್ದ ಮೂರನ್ನ ಎರಡು ಅಂದ್ಕೊಂಡೆ. ಲೆಕ್ಕ ಸರಿಯಾಗೇ ಮಾಡಿದೀನಿ, ಆದ್ರೆ ಅವರು ಕೇಳಿದ್ದು ಆ ಲೆಕ್ಕ ಅಲ್ಲ. ಕೊನೆ ಆರು ಪ್ರಶ್ನೆ ಓದೋ ಹೊತ್ತಿಗೆ ಪೇಪರ್ ಕಿತ್ಕೊಂಡ್ರು."

"ಮೆಲ್ಲಗೆ ಮಾತಾಡು, ಅಂಗಡೀಲಿ ಗಿರಾಕಿ ಇದಾರೆ."

"ಯಾರೂ ಇಲ್ಲ, ಬೀಗ ಹಾಕಿದೀನಿ," ಎಂದ ಅಪ್ಪ.

ಗಿಣಿ ಅನ್ನ ಕಲಸುವುದನ್ನು ನಿಲ್ಲಿಸಿದಳು. "ನಾನು ನೆರವು ಕೇಂದ್ರಕ್ಕೆ ಹೋಗಿದ್ದೆ. ಲೈಬ್ರರಿ ಮೆಟ್ಟಿಲ ಹಿಂದೆ ಇದೆ, ನನ್ನಂಥವರಿಗೇ ಅಂತ. ದೊಡ್ಡಕ್ಷರದ ಪ್ರಶ್ನೆಪತ್ರಿಕೆ ಕೊಡ್ತಾರಂತೆ. ಒಂದು ಗಂಟೆ ಹೆಚ್ಚಿಗೆ ಕೊಡ್ತಾರಂತೆ. ಮೇಜಿನ ಮೇಲೆ ದೀಪಾನೂ ಇಡ್ತಾರೆ. ಆಸ್ಪತ್ರೆಯಿಂದ ಒಂದು ಸರ್ಟಿಫಿಕೇಟ್ ತರಬೇಕು, ಅಷ್ಟೇ."

"ಯಾರನ್ನ ಕೇಳಿ ಹೋದೆ?" ಅಮ್ಮನ ದನಿ ಇಸ್ತ್ರಿಪೆಟ್ಟಿಗೆಯ ತಳದಂತಿತ್ತು. "ನನ್ನಂಥವರಂತೆ! ಹಣೆ ಮೇಲೆ ಅಚ್ಚು ಒತ್ತಿಸ್ಕೊಂಡು ಬರ್ತೀನಿ ಅಂತೀಯಲ್ಲ. ಒಂದು ಸಲ ಒತ್ತಿದ್ರೆ ಹೋಗೋದಲ್ಲ ಅದು. ನಾಳೆ ಕೆಲಸಕ್ಕೆ ಹೋದ್ರೆ ಅದನ್ನೇ ನೋಡ್ತಾರೆ, ಯಾರ ಮನೆ ಮೆಟ್ಟಿಲು ಹತ್ತಿದ್ರೂ ಅದನ್ನೇ ನೋಡ್ತಾರೆ."

"ಇನ್ನೊಂದು ಸಲ ಮೂವತ್ತೊಂದು ಬಂದ್ರೆ ಕಾಲೇಜಿಂದಾನೇ ತೆಗೀತಾರಮ್ಮ. ಆಮೇಲೆ ನನ್ನ ಹಣೆ ನೋಡೋಕೆ ಯಾರೂ ಬರಲ್ಲ."

ಅಮ್ಮ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಿಲ ಕಲ್ಲಿನ ಮೇಲೆ ಕೂತು ಉಂಡಳು. ವರ್ಷಾಂತ್ಯದ ಪರೀಕ್ಷೆಗೆ ಆಗ ಏಳು ವಾರವಿತ್ತು.

ಆ ಸುಳ್ಳಿಗೆ ಮಾತು ಬಂದದ್ದು ಗಿಣಿ ಶಾಲೆಗೆ ಸೇರಿದ ವರ್ಷ. ಮಕ್ಕಳ ಕಣ್ಣು ನೋಡಲು ಆಸ್ಪತ್ರೆಯವರು ಶಾಲೆಗೆ ಬರುತ್ತಾರೆಂದು ತಿಳಿದಾಗ ಅಮ್ಮ ಹಿಂದಿನ ದಿನವೇ ಹೋಗಿ, ಗೋಡೆಗೆ ತೂಗುಹಾಕಿದ್ದ ಅಕ್ಷರದ ಹಲಗೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದಳು. ಏಳು ಸಾಲು. ಮೇಲೆ ದೊಡ್ಡದೊಂದು 'ರ', ಕೆಳಗೆ ಬರುತ್ತ ಬರುತ್ತ ಸಾಸಿವೆಯಷ್ಟು ಸಣ್ಣ ಅಕ್ಷರ. ಪಾತ್ರೆ ತೊಳೆಯುತ್ತ ಅದಕ್ಕೊಂದು ರಾಗ ಕಟ್ಟಿದಳು. "ರ... ಗ ನ... ಟ ಲ ಪ..." ಅಜ್ಜಿ ಅದನ್ನು ಭಜನೆಯಂತೆ ತಾಳ ಹಾಕಿ ಹೇಳಿಸಿದಳು. ಮಗು ಮರುದಿನ ಒಂದು ಕಣ್ಣು ಮುಚ್ಚಿ ಏಳು ಸಾಲು, ಇನ್ನೊಂದು ಕಣ್ಣು ಮುಚ್ಚಿ ಏಳು ಸಾಲು ಹೇಳಿ ಶಾಭಾಸ್ ಅನ್ನಿಸಿಕೊಂಡು ಬಂತು. ಆಸ್ಪತ್ರೆಯವರ ಹಲಗೆ ಎಲ್ಲ ಕಡೆಯೂ ಅದೊಂದೇ, ಅದು ಬದಲಾಗಲಿಲ್ಲ. ವರ್ಷ ವರ್ಷವೂ ಗಿಣಿ ಪಾಸಾದಳು.

ಮುಂದಿನ ವಾರ ಅಪ್ಪ ಅರ್ಧ ದಿನ ಅಂಗಡಿ ಮುಚ್ಚಿ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಮ್ಮ ಬರಲಿಲ್ಲ; ಲಾಂಡ್ರಿಗೆ ಹೋಟೆಲಿನ ಹಾಸಿಗೆ ಬಟ್ಟೆ ಬಂದಿದೆ ಎಂದಳು. ಸಾಲಿನಲ್ಲಿ ಎರಡು ಗಂಟೆ ನಿಂತ ಮೇಲೆ ಗಿಣಿಯನ್ನು ಒಳಗೆ ಕರೆದರು. ಹಿಂದೆ ಹತ್ತು ಜನ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಬಿಳಿಯಂಗಿಯ ಸಹಾಯಕ ಅವಳ ಎಡಗಣ್ಣಿಗೆ ರಟ್ಟು ಹಿಡಿದು, ಕೋಲಿನಿಂದ ಗೋಡೆಗೆ ಟಕ್ಕೆಂದು ಕುಟ್ಟಿ, "ಹೂಂ, ಓದಮ್ಮ" ಎಂದ.

ಟಕ್ ಅನ್ನುವುದೇ ತಡ, ಗಿಣಿಯ ನಾಲಿಗೆ ಹದಿಮೂರು ವರ್ಷದ ಅಭ್ಯಾಸದಿಂದ ತಾನಾಗಿ ಹೊರಟುಬಿಟ್ಟಿತು. ಅವಳಿಗೆ ಕಂಡದ್ದು ಒಂದು ಬಿಳಿ ಚೌಕ, ಅದರ ನೆತ್ತಿಯಲ್ಲೊಂದು ಕಪ್ಪು ಮುದ್ದೆ. ಬಾಯಿ ಮಾತ್ರ ಏಳನೆಯ ಸಾಲಿನ ಕೊನೆಯ ಅಕ್ಷರ ಮುಟ್ಟಿ ನಿಂತಿತು.

"ಆ ಕಣ್ಣು?"

ಆ ಕಣ್ಣಿನದೂ ಆಯಿತು.

"ನನಗಿಂತ ಚೆನ್ನಾಗಿ ಕಾಣುತ್ತೆ ನಿನಗೆ. ಮುಂದಿನವರು ಬನ್ನಿ." ಮೇಜಿನ ಹಿಂದೆ ಕೂತಿದ್ದ ವೈದ್ಯರು ತಲೆಯೆತ್ತದೆ 'ದೋಷವಿಲ್ಲ' ಎಂದು ಬರೆದು ಮೊಹರು ಒತ್ತಿದರು.

ಹೊರಗೆ ಅಪ್ಪ ಎದ್ದು ನಿಂತ. "ಏನಾಯ್ತಮ್ಮ?"

"ಪಾಸಾದೆ."

"ಓ, ಒಳ್ಳೇದಾಯ್ತು!" ಎಂದ ಅಪ್ಪ. ನಾಲ್ಕು ಹೆಜ್ಜೆ ನಡೆದ ಮೇಲೆ ನಿಂತ. "ಅಲ್ಲ, ಪಾಸಾಗೋಕೆ ಬಂದಿದ್ದಾ ನಾವು?"

ಗಿಣಿ ನಗಲು ಹೋದಳು, ಆಗಲಿಲ್ಲ.

ಬೇರೆ ದಾರಿಯಿಲ್ಲದೆ ಗಿಣಿ ಅದನ್ನೇ ಅರ್ಜಿಗೆ ಸೇರಿಸಿ ಕೊಟ್ಟಳು. ಕಾಲೇಜಿನ ಪರೀಕ್ಷಾ ವಿಭಾಗದ ಗುಮಾಸ್ತ ಅರ್ಜಿಗೆ ಮೊಹರು ಒತ್ತಿ, ಆ ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ಪಕ್ಕದವನಿಗೆ ತೋರಿಸಿದ. "ನೋಡಿ ಸಾರ್, ಕಣ್ಣು ಬಲು ಚೆನ್ನಾಗಿದೆ ಅಂತ ಆಸ್ಪತ್ರೇನೇ ಹೇಳ್ತಿದೆ. ಒಂದು ಗಂಟೆ ಪುಕ್ಕಟೆ ಸಿಗುತ್ತೆ ಅಂದ್ರೆ ನಾಳೆ ನಾನೂ ಕುರುಡನೇ."

ನೆರವು ಕೇಂದ್ರದ ಮೇಡಂ ಊರುಗೋಲಿನವರು. ನಡೆದದ್ದನ್ನೆಲ್ಲ ಕೇಳಿ ಗದರಲಿಲ್ಲ. "ನನ್ನನ್ನೂ ಡಾಕ್ಟರು 'ಎಲ್ಲಿ, ನಡಿ ನೋಡೋಣ' ಅಂದಿದ್ರು ಕಣೇ. ಹುಚ್ಚು ಹಠಕ್ಕೆ ಊರುಗೋಲು ಬಿಟ್ಟು ನಾಲ್ಕು ಹೆಜ್ಜೆ ಹಾಕಿಬಿಟ್ಟೆ. ಆ ನಾಲ್ಕು ಹೆಜ್ಜೆ ಎರಡು ವರ್ಷ ತಿಂತು. ಮೇಲ್ಮನವಿ ಹಾಕು. ಮೂರು ಜನ ಡಾಕ್ಟರು ಕೂತು ಮತ್ತೆ ನೋಡ್ತಾರೆ. ಆದ್ರೆ ಮೊದಲ ಸಲ ಹೇಗೆ ಓದಿದೆ ಅಂತ ಕೇಳೇ ಕೇಳ್ತಾರೆ. ಮನೆಯವರು ಯಾರಾದ್ರೂ ಬರೆದು ಸಹಿ ಹಾಕಿ, ಬಂದು ಹೇಳ್ಬೇಕು."

"ಯಾರಾದ್ರೂ ಆಗುತ್ತಾ?"

"ಕಲಿಸಿದವರು ಯಾರೋ ಅವರೇ ಬಂದ್ರೆ ಗಟ್ಟಿ."

ಆ ಸಂಜೆ ಅಮ್ಮ ಬಟಾಣಿ ಸುಲಿಯುತ್ತಿದ್ದಳು. ಗಿಣಿ ಮೇಲ್ಮನವಿಯ ಕಾಗದವನ್ನು ಬುಟ್ಟಿಯ ಪಕ್ಕ ಇಟ್ಟಳು.

"ನನ್ನ ಕೈಲಿ ಆಗಲ್ಲ," ಎಂದಳು ಅಮ್ಮ. "ಮಗಳಿಗೆ ಸುಳ್ಳು ಕಲಿಸಿದೋಳು ಅಂತ ಸರ್ಕಾರದ ಕಾಗದದಲ್ಲಿ ಬರೆದುಕೊಡ್ಲಾ?"

"ಕಲಿಸ್ಲಿಲ್ವೇನೇ ಮತ್ತೆ?" ಅಜ್ಜಿ ಹೊಸ್ತಿಲಿನಿಂದ ಕೂಗಿದಳು. "ತಾಳ ಹಾಕಿದ್ದು ನಾನು. ನನ್ನ ಹೆಸರೂ ಸೇರಿಸು, ಇಬ್ಬರೂ ಜೊತೇಲೇ ಜೈಲಿಗೆ ಹೋಗೋಣ. ಅಲ್ಲಿ ನಿನ್ನ ಅಡುಗೆ ತಿನ್ನೋದಾದ್ರೂ ತಪ್ಪುತ್ತೆ."

"ತಮಾಷೆ ಬೇಡಿ ಅತ್ತೆ!" ಅಮ್ಮ ಬುಟ್ಟಿ ತಳ್ಳಿದಳು. "ನನ್ನ ತಮ್ಮನಿಗೂ ಇದೇ ಕಣ್ಣು. ಏಳು ವರ್ಷದವನನ್ನ ಒಂದು ಕಾಗದ ತೋರಿಸಿ ದೂರದ ಹಾಸ್ಟೆಲಿಗೆ ಕರ್ಕೊಂಡು ಹೋದ್ರು. ವರ್ಷಕ್ಕೊಮ್ಮೆ ಬರ್ತಿದ್ದ. ಬಂದವನು 'ನೀರು ಕುಡೀಲಾ?' ಅಂತ ಕೇಳ್ತಿದ್ದ. ತನ್ನ ಮನೇಲಿ, ತನ್ನ ಅಮ್ಮನ್ನ! ಹತ್ತನೇ ವರ್ಷಕ್ಕೆ ಜ್ವರ ಬಂದು ಅಲ್ಲೇ ಹೋದ. ನನ್ನ ಮಗಳು ಆ ಪ್ರಶ್ನೆ ಕೇಳಬಾರ್ದು ಅಂತಾನೇ ಅಷ್ಟೂ ಮಾಡಿದ್ದು."

ಚೆಲ್ಲಿದ ಬಟಾಣಿಯನ್ನು ಗಿಣಿ ನೆಲ ತಡವಿ ಒಂದೊಂದಾಗಿ ಆರಿಸಿದಳು.

"ಅಮ್ಮ," ಎಂದಳು ಆಮೇಲೆ, "ಮಾವನನ್ನ ಕಾಗದ ತೋರಿಸಿ ಕರ್ಕೊಂಡು ಹೋದ್ರು. ನಾನು ಕಾಗದ ತೋರಿಸಿ ಒಳಗೆ ಹೋಗ್ತೀನಿ ಅಂತಿದೀನಿ. ಎರಡೂ ಒಂದೇನಾ?"

"ನನಗೆ ಒಂದೇ."

"ಸರಿ ಹಾಗಾದ್ರೆ. ನೀನು ಬರ್ಕೊಡೋವರೆಗೆ ನಾನು ನಾಟಕ ಆಡಲ್ಲ."

ಮರುದಿನದಿಂದಲೇ ಅದು ಶುರುವಾಯಿತು. ಅಲ್ಲಿಯವರೆಗೆ ಗಿಣಿ ಹೆಜ್ಜೆ ಎಣಿಸಿ ನಡೆಯುತ್ತಿದ್ದಳು, ಕಂಡಕ್ಟರನ ದನಿ ಕೇಳಿ ಬಸ್ಸು ಹತ್ತುತ್ತಿದ್ದಳು, ಎದುರಿಗೆ ಬಂದವರು ಯಾರೆಂದು ಕಾಣದಿದ್ದರೂ ನಗುತ್ತಿದ್ದಳು. ಈಗ ನಿಲ್ದಾಣದಲ್ಲಿ ಗಟ್ಟಿಯಾಗಿ, "ಇದು ಎಷ್ಟನೇ ನಂಬರ್ ಬಸ್? ನನಗೆ ಕಾಣಿಸಲ್ಲ" ಎಂದು ಕೇಳುತ್ತಿದ್ದಳು. ತರಕಾರಿಯವಳ ಬಳಿ ಅಮ್ಮನ ಎದುರೇ, "ಇದು ಈರುಳ್ಳೀನೋ ಬೀಟ್‌ರೂಟೋ?" ಎಂದಳು. ತರಕಾರಿಯವಳು ಅಮ್ಮನ ಮುಖ ನೋಡಿದಳು. ಅಮ್ಮ ಚೀಲ ನೋಡಿದಳು.

ಭಾನುವಾರ ಅಂಗಡಿ ತುಂಬಿತ್ತು. ಗಿಣಿ ಬೆಂಚಿನ ಮೇಲೆ ಕೂತು ಪತ್ರಿಕೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಳು. ಮುಖಕ್ಕೆ ನೊರೆ ಬಳಿಸಿಕೊಂಡಿದ್ದ ಪೋಸ್ಟ್‌ಮ್ಯಾನ್ ಕನ್ನಡಿಯಲ್ಲಿ ನೋಡಿ ನಕ್ಕ.

"ಏನು ಗಿಣಿ, ಸುದ್ದಿ ಮೂಸಿ ನೋಡ್ತಿದೀಯಾ?"

"ಓದ್ತಿದೀನಿ ಮಾಮ. ದೊಡ್ಡಕ್ಷರ ಮಾತ್ರ, ಅದೂ ಇಷ್ಟು ಹತ್ತಿರ ಹಿಡಿದ್ರೆ. ಹುಟ್ಟಿದಾಗಿಂದ ನನ್ನ ಕಣ್ಣು ಹೀಗೇ. ಕನ್ನಡಕಕ್ಕೆ ಬಗ್ಗೋದಲ್ಲ."

ಅಪ್ಪನ ಕತ್ತಿ ಪೋಸ್ಟ್‌ಮ್ಯಾನಿನ ಗಲ್ಲದ ಮೇಲೆ ನಿಂತಿತು. ಪೋಸ್ಟ್‌ಮ್ಯಾನ್ ತುಟಿ ಅಲ್ಲಾಡಿಸದೆ ಕೇಳಿದ: "ಮತ್ತೆ ದಿನಾ ನನ್ನ ನೋಡಿ ಹೇಗೆ ಮಾತಾಡಿಸ್ತಿದ್ದೆ?"

"ನಿಮ್ಮ ಚಪ್ಪಲಿ ಕಿರುಗುಟ್ಟುತ್ತೆ."

ಬೆಂಚಿನವರು ಗೊಳ್ಳೆಂದು ನಕ್ಕರು. ಅಪ್ಪನೂ ನಕ್ಕು ಕತ್ತಿ ಮುಂದಕ್ಕೆಳೆದ. "ಹೌದ್ರೀ," ಎಂದ, ಕನ್ನಡಿಗೆ ಹೇಳುವವನಂತೆ, "ಅವಳಿಗೆ ಕಾಣಿಸೋದು ಕಮ್ಮಿ."

ಮಧ್ಯಾಹ್ನ ಅಮ್ಮ ಅವನನ್ನು ಹಿಡಿದುಕೊಂಡಳು. "ಏನ್ರೀ, ಅವಳು ಹೇಳಿದ್ದು ಸಾಲದು ಅಂತ ನೀವೂ ಡಂಗುರ ಸಾರಿದ್ರಂತೆ?"

"ನನ್ನ ಅಂಗಡೀಲಿ ನನ್ನ ಮಗಳು ನಿಜ ಹೇಳ್ತಿದ್ರೆ ಅಲ್ಲ ಅನ್ಲೇನೇ? ಗಂಟಲಿನ ಹತ್ರ ಕತ್ತಿ ಹಿಡಿದು ಸುಳ್ಳು ಹೇಳಬಾರ್ದು, ಕೈ ನಡುಗುತ್ತೆ."

ಆ ವಾರ ಲಾಂಡ್ರಿಯಲ್ಲೂ ಕೇಳಿದರು. ಅಮ್ಮ "ಕನ್ನಡಕ ಹಾಕಿಸ್ಬೇಕು, ಅಷ್ಟೇ" ಎಂದು ಹಬೆಯ ಹಿಂದೆ ಮುಖ ಮರೆಸಿಕೊಂಡಳು. ಮನೆಯಲ್ಲಿ ಸಾರಿಗೆ ಒಂದು ದಿನ ಉಪ್ಪು ಎರಡು ಸಲ ಬಿತ್ತು, ಇನ್ನೊಂದು ದಿನ ಬೀಳಲೇ ಇಲ್ಲ. ಅಜ್ಜಿ ಎರಡನ್ನೂ ಉಂಡು ಏನೂ ಅನ್ನಲಿಲ್ಲ. ಅದೇ ದೊಡ್ಡ ಬೈಗುಳವಾಗಿತ್ತು.

ಪರೀಕ್ಷೆಗೆ ಮೂರು ವಾರವಿದ್ದಾಗ ಒಂದು ಬೆಳಗ್ಗೆ ಗಿಣಿ ತಲೆ ಬಾಚಿಕೊಳ್ಳುತ್ತಿದ್ದಳು. ಅಮ್ಮ ಹಿಂದಿನಿಂದ ಬಂದು ಬಾಚಣಿಗೆ ಕಿತ್ತುಕೊಂಡು ತಾನೇ ಜಡೆ ಹೆಣೆಯತೊಡಗಿದಳು. ಎರಡು ಸಲ ಹೆಣೆದು ಎರಡು ಸಲ ಬಿಚ್ಚಿದಳು.

"ಯಾವತ್ತು ಬರಬೇಕಂತೆ?"

"ಗುರುವಾರ. ನಿನ್ನ ಕಾಗದಾನೂ ಅವತ್ತೇ ಕೊಡ್ಬೇಕು."

"ಬಿಗಿಯಾಯ್ತಾ?"

"ಇಲ್ಲ, ಸರಿಯಾಗಿದೆ."

ಗುರುವಾರ ಆಸ್ಪತ್ರೆಯ ಕೋಣೆಯೊಂದರಲ್ಲಿ ಉದ್ದ ಮೇಜಿನ ಆಚೆ ಮೂವರು ವೈದ್ಯರಿದ್ದರು. ನಡುವಿನವರು ಹಿರಿಯ ವೈದ್ಯೆ. ಗೋಡೆಯ ಮೇಲೆ ಅದೇ ಹಲಗೆ. ಅಮ್ಮ ಒಗೆದು ಗರಿಗರಿಯಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕುರ್ಚಿ ತೋರಿಸಿದರೂ ಕೂರದೆ ನಿಂತಿದ್ದಳು.

ಎಡಗಡೆಯ ವೈದ್ಯರು ಅಮ್ಮನ ಕಾಗದ ಓದಿ ಕನ್ನಡಕ ತೆಗೆದರು. "ನೀವು ಹೇಳಿಕೊಟ್ರಿ, ಇವಳು ಬಾಯಿಪಾಠ ಮಾಡಿದಳು ಅಂತೀರಿ. ಇದನ್ನ ನಂಬಬೇಕಾ ನಾವು? ಮೊನ್ನೆ ಏಳೂ ಸಾಲು ಓದಿದವಳು ಇವತ್ತು ಕಾಣಿಸಲ್ಲ ಅಂದ್ರೆ, ಯಾವುದು ನಾಟಕ ಅಂತ ಹೇಗೆ ಹೇಳೋದು?"

ಅಮ್ಮ ಹಲಗೆಗೆ ಬೆನ್ನು ತಿರುಗಿಸಿ, ಬಾಗಿಲ ಕಡೆ ಮುಖ ಮಾಡಿ, ಎರಡೂ ಕಣ್ಣು ಮುಚ್ಚಿದಳು. ದೇವರ ಮುಂದೆ ನಿಂತಾಗಲೂ ಅವಳು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚಿದವಳಲ್ಲ. ಮೊದಲನೆಯ ಸಾಲಿನಿಂದ ಶುರುಮಾಡಿದಳು. ಪಾತ್ರೆ ತೊಳೆಯುವಾಗಿನ ಅದೇ ರಾಗ. ಮೂರನೆಯ ಸಾಲಿನಲ್ಲಿ ದನಿ ನಡುಗಿತು, ಐದನೆಯದರಲ್ಲಿ ಗಟ್ಟಿಯಾಯಿತು, ಏಳನೆಯದನ್ನು ಕಾರಿಡಾರಿನಲ್ಲಿ ಕಾಯುತ್ತಿದ್ದವರೂ ಕೇಳಿಸಿಕೊಂಡರು. ಕಣ್ಣು ತೆರೆದು ತಿರುಗಿದಳು.

"ಒಂದಕ್ಷರ ತಪ್ಪಿತಾ ಡಾಕ್ಟ್ರೇ? ಬೆನ್ನಲ್ಲಿ ಕಣ್ಣಿದೆ ಅಂತ ನನಗೂ ಒಂದು ಸರ್ಟಿಫಿಕೇಟ್ ಕೊಡ್ತೀರಾ?"

ಎಡಗಡೆಯ ವೈದ್ಯರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಹಲಗೆ ನೋಡಿದರು.

"ಹದಿಮೂರು ವರ್ಷದಲ್ಲಿ ನೀವು ಒಂದು ಸಲಾನಾದ್ರೂ ಹಲಗೆ ಬದಲಾಯಿಸಿದ್ರೆ ನನ್ನ ಸುಳ್ಳು ಅವತ್ತೇ ಸಿಕ್ಕಿಬೀಳ್ತಿತ್ತು. ನಾನು ತಪ್ಪು ಮಾಡಿದೀನಿ, ಬರೆದುಕೊಟ್ಟಿದೀನಿ, ಸಹಿ ಹಾಕಿದೀನಿ. ಈಗ ನೀವು ಬೇರೆ ಹಲಗೆ ತನ್ನಿ."

ಹಿರಿಯ ವೈದ್ಯೆ ನಗು ತಡೆದುಕೊಂಡು ಮಕ್ಕಳ ವಿಭಾಗಕ್ಕೆ ಹೇಳಿ ಕಳಿಸಿದರು. ಚಿತ್ರದ ಹಲಗೆ ಬಂತು: ಮನೆ, ಕೊಡೆ, ಬಾತುಕೋಳಿ, ದೋಣಿ. ಮೂರು ವರ್ಷದ ಮಕ್ಕಳಿಗೆ ತೋರಿಸುವಂಥದ್ದು. ಹತ್ತೊಂಬತ್ತರ ಗಿಣಿ ಅದರ ಎದುರು ಕೂತಳು. ಕೋಲು ಟಕ್ಕೆಂದಿತು.

"ಇದೇನು?"

"ಮನೆ."

"ಇದು?"

ಗಿಣಿಯ ಬಾಯಿ ಅಭ್ಯಾಸದಂತೆ ತೆರೆಯಿತು. ನಾಲಿಗೆಯ ಮೇಲೆ ಏನೂ ಇರಲಿಲ್ಲ. ಅವಳು ಕೈಯನ್ನು ಮಡಿಲಲ್ಲಿ ಬಿಗಿ ಹಿಡಿದಳು.

"ಕಾಣಿಸಲ್ಲ," ಎಂದಳು.

"ಇದು?"

"ಕಾಣಿಸಲ್ಲ."

"ಈ ಸಾಲಿನಲ್ಲಿ ಯಾವುದಾದ್ರೂ?"

"ಕಾಣಿಸಲ್ಲ." ಮೂರನೆಯ ಸಲ ಅದು ದೂರಿನಂತಿರಲಿಲ್ಲ, ಹಾಜರಿ ಹೇಳಿದಂತಿತ್ತು.

ಆಮೇಲೆ ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಯಂತ್ರಕ್ಕೆ ಗಲ್ಲ ಒರಗಿಸಿ ಒಳಪರದೆ ನೋಡಿದರು. "ಮೊದಲ ದಿನವೇ ನೋಡಬೇಕಾಗಿದ್ದು ಇದು," ಎಂದರು ಹಿರಿಯ ವೈದ್ಯೆ ಎಡಗಡೆಯವರಿಗೆ. ಹೊಸ ಕಾಗದದ ಮೇಲೆ ಮೊಹರು ಬಿತ್ತು.

ಗುಮಾಸ್ತ ಅಷ್ಟಕ್ಕೆ ಸೋಲುವವನಲ್ಲ. "ಅರ್ಜಿಯ ದಿನ ಮುಗಿದು ನಾಲ್ಕು ದಿನ ಆಯ್ತು. ಮುಂದಿನ ವರ್ಷ ನೋಡೋಣ," ಎಂದ.

"ಮೊದಲ ಅರ್ಜಿ ಕೊಟ್ಟಿದ್ದು ಪರೀಕ್ಷೆಗೆ ಆರು ವಾರ ಇದ್ದಾಗಲೇ. ಅದರ ಮೇಲೆ ನಿಮ್ಮದೇ ಮೊಹರಿದೆ," ಎಂದಳು ಗಿಣಿ. "ಇದು ಅದರ ಮುಂದುವರಿಕೆ. ತಗೊಳ್ಳಲ್ಲ ಅಂತಾದ್ರೆ, ತಗೊಳ್ಳಲ್ಲ ಅಂತ ಬರೆದುಕೊಡಿ."

"ಬರೆದುಕೊಡೋಕೆಲ್ಲ ಆಗಲ್ಲಮ್ಮ."

"ಹಾಗಾದ್ರೆ ತಗೊಳ್ಳಿ. ನಾನು ಇಲ್ಲೇ ನಿಂತಿರ್ತೀನಿ. ದೊಡ್ಡಕ್ಷರದಲ್ಲಿ ಬರೆದ್ರೆ ಸಾಕು, ಓದ್ಕೊಂಡು ಹೋಗ್ತೀನಿ."

ಹಿಂದೆ ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು. ಮೇಡಂ ಬಂದು ಗಿಣಿಯ ಪಕ್ಕ ಕಿಟಕಿಗೆ ಒರಗಿ ನಿಂತರು. ಸಾಲು ಬೆಳೆಯಿತು. ಮುಕ್ಕಾಲು ಗಂಟೆಯಾದ ಮೇಲೆ ಗುಮಾಸ್ತ ಕಾಗದ ಎಳೆದುಕೊಂಡು ಕುಕ್ಕಿ ಮೊಹರು ಒತ್ತಿದ.

ಗಣಿತದ ಪರೀಕ್ಷೆ ಬೆಳಗ್ಗೆ ಹತ್ತರಿಂದ ಒಂದರವರೆಗೆ. ಗಿಣಿಗೆ ಎರಡರವರೆಗೆ. ಕೊಠಡಿಯ ಮೂಲೆಯ ಮೇಜಿನ ಮೇಲೆ ದೀಪ ಇಟ್ಟಿದ್ದರು. ಪ್ರಶ್ನೆಪತ್ರಿಕೆ ಗೋಡೆಯ ಕ್ಯಾಲೆಂಡರಿನಷ್ಟಿತ್ತು. ತಲೆಯ ಮೇಲಿನ ಮೂರು ಮೂರಾಗಿಯೇ ಕಾಣುತ್ತಿತ್ತು. ಒಂದು ಗಂಟೆಗೆ ಬೆಂಚುಗಳೆಲ್ಲ ಕಿರ್ರೆಂದು ಖಾಲಿಯಾದವು. ಕಸ ಗುಡಿಸುವವನು ಬಂದು, ನೋಡಿ, ಹೊರಗೆ ಹೋದ. ಒಂದೂವರೆಗೆ ಗಿಣಿ ಪೆನ್ನು ಕೆಳಗಿಟ್ಟಳು. ಕಾವಲಿದ್ದ ಮೇಷ್ಟರು ಎದ್ದೇ ಬಂದರು.

"ಮುಗೀತಲ್ಲಮ್ಮ, ಕೊಟ್ಟುಬಿಡು. ನನಗೂ ಹೊಟ್ಟೆ ಹಸೀತಿದೆ."

"ಬರೆಯೋದು ಮುಗೀತು ಸಾರ್. ನನ್ನ ಅರ್ಧ ಗಂಟೆ ಇನ್ನೂ ಇದೆ." ಅವಳು ಮೊದಲ ಹಾಳೆಗೆ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ತಾನು ಬರೆದದ್ದನ್ನು ಓದತೊಡಗಿದಳು. ಪರೀಕ್ಷೆಯಲ್ಲಿ ಬರೆದದ್ದನ್ನು ಅವಳು ಮತ್ತೊಮ್ಮೆ ಓದಿದ್ದು ಅದೇ ಮೊದಲು.

ಗೇಟಿನ ಹೊರಗೆ ಅಮ್ಮ ನಿಂತಿದ್ದಳು. ಲಾಂಡ್ರಿಯಿಂದ ಊಟದ ಬಿಡುವಿನಲ್ಲಿ ಬಂದವಳು. ತೋಳಿಗೆ ಇನ್ನೂ ಗಂಜಿಯ ಕಲೆ. ಹೆಚ್ಚಿನ ಮಕ್ಕಳು ಹೋಗಿಯಾಗಿತ್ತು. ಪಕ್ಕದ ಬೀದಿಯ ದರ್ಜಿಯ ಹೆಂಡತಿ ತನ್ನ ಮಗಳ ಜೊತೆ ಹೊರಟವಳು ನಿಂತಳು.

"ಇದೇನ್ರೀ ಇನ್ನೂ ಕಾಯ್ತಿದೀರಾ? ನಿಮ್ಮ ಗಿಣಿ ಒಬ್ಬಳೇ ಒಳಗೆ ಕೂತಿದಾಳಂತೆ. ಎಲ್ಲರದೂ ಮುಗಿದು ಎಷ್ಟು ಹೊತ್ತಾಯ್ತು! ಏನಾಗಿದೆ ಅವಳಿಗೆ?"

ಅಮ್ಮ ತೋಳಿನ ಕಲೆಯನ್ನು ಉಗುರಿನಿಂದ ಕೆರೆದಳು. ಆಮೇಲೆ ತಲೆಯೆತ್ತಿದಳು.

"ನನ್ನ ಮಗಳಿಗೆ ಕಣ್ಣು ಕಾಣಿಸೋದು ಕಮ್ಮಿ. ಹುಟ್ಟಿನಿಂದ. ಅವಳ ಹೊತ್ತು ಎರಡು ಗಂಟೆವರೆಗೆ."

"ಅಯ್ಯೋ ಪಾಪ!"

"ಪಾಪ ಯಾಕ್ರೀ?" ಎಂದಳು ಅಮ್ಮ. "ಒಳಗೆ ಲೆಕ್ಕ ಮಾಡ್ತಿದಾಳೆ."